ಸತ್ತ ಹುಳಕ್ಕೊಂದು ಹೆಸರು

ಡಾಲರ್ ಗುರುತು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತೆ. ಅಮೆರಿಕದ ದುಡ್ಡಿನ ಮಾತಲ್ಲ ಇದು, ಅದನ್ನ ನಾನು ಕಣ್ಣಲ್ಲೂ ಕಂಡವಳಲ್ಲ. ನಮ್ಮನೆ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಅದರ ಯಾವ ಚೌಕ ಒತ್ತಿದರೂ ಮೇಲಿನ ಪಟ್ಟಿಯಲ್ಲಿ ಡಾಲರ್ ಸಿ ಡಾಲರ್ ನಾಲ್ಕು, ಡಾಲರ್ ಎಫ್ ಡಾಲರ್ ಒಂಬತ್ತು, ಅದಕ್ಕೆ ಇದನ್ನ ಗುಣಿಸು, ಇದಕ್ಕೆ ಅದನ್ನ ಭಾಗಿಸು ಅಂತ ಗೂಡ್ಸ್ ರೈಲಿನ ಹಂಗೆ ಉದ್ದಕ್ಕೆ ಬರುತ್ತಿತ್ತು. ಏನಪ್ಪಾ ಇದರ ಅರ್ಥ ಅಂದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬರೆದ ನನ್ನ ಮೈದನಿಗೇ ಅರ್ಧ ಮರೆತು ಹೋಗಿತ್ತು. ಆದರೂ ದಿನಾ ಬೆಳಗ್ಗೆ ಅದು ಹೇಳಿದಷ್ಟೇ ಸೊಪ್ಪು ಕೊಯ್ಯಬೇಕು. ಎತ್ತು ಈಯಿತು ಅಂದರೆ ಕೊಟ್ಟಿಗೇಲಿ ಕಟ್ಟು ಅಂದರಂತಲ್ಲ, ಹಂಗೆ ನಡೀತಿತ್ತು ನಮ್ಮ ಸಂಸಾರ.

ನಮ್ಮದು ಹೊಳವನಹಳ್ಳಿಯಿಂದ ಸ್ವಲ್ಪ ಒಳಗೆ ತೋಟದ ಮನೆ. ಮಾಡೋದು ರೇಷ್ಮೆ ಹುಳದ ಚಾಕಿ. ಮೊಟ್ಟೆ ಒಡೆದು ಬಂದ ಹುಳ ಕರೀ ದಾರದ ಚೂರಿನಷ್ಟಿರುತ್ತೆ. ಅಷ್ಟು ಸಣ್ಣದನ್ನು ಸಾಕೋದು ಎಲ್ಲ ರೈತರ ಕೈಲೂ ಆಗಲ್ಲ. ತಂಪು ಬೇಕು, ತೇವ ಬೇಕು, ಎಳೇ ಹಿಪ್ಪುನೇರಳೆ ಸೊಪ್ಪನ್ನ ಸಣ್ಣಗೆ ಹೆಚ್ಚಿ ಹಾಕಬೇಕು. ಅದಕ್ಕೇ ನಮ್ಮಂಥವರು ಎರಡನೇ ಜ್ವರದ ತನಕ ಸಾಕಿ, ಆಮೇಲೆ ಟ್ರೇ ಸಮೇತ ರೈತರಿಗೆ ಕೊಡ್ತೀವಿ. ಜ್ವರ ಅಂದರೆ ಕಾಯಿಲೆ ಅಲ್ಲ, ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತಲ್ಲ, ಅದಕ್ಕೆ ನಮ್ಮವರು ಹಂಗಂತಾರೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ನಾಲ್ಕು ತಾಲ್ಲೂಕಿನವರೂ ನಮ್ಮಲ್ಲಿ ಹುಳ ಒಯ್ಯುತ್ತಾರೆ. ಪಾವಗಡದ ಕಡೆಯವರು ಬೆಳೆ ಚೆನ್ನಾಗಿ ಬಂದರೆ ಕನ್ನಡದಲ್ಲಿ ಹೊಗಳ್ತಾರೆ, ಕೆಟ್ಟರೆ ತೆಲುಗಲ್ಲಿ ಬೈತಾರೆ.

ಸೊಪ್ಪಿನ ತೋಟ, ಹುಳ ಸಾಗಿಸೋ ವ್ಯಾನು ನಮ್ಮ ಯಜಮಾನರದು. ಶೀಟು ಮೈದನದು. ಅವನು ಪಾವಗಡದ ಕಡೆ ಸೋಲಾರ್ ಕೆಲಸಕ್ಕೆ ಸೇರಿದ ಮೇಲೆ ಅದರ ಮುಂದೆ ನಾನು ಕೂತೆ. ಮಧುಗಿರಿಯಲ್ಲಿ ಪಿಯುಸಿ ಮಾಡುವಾಗ ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆನಲ್ಲ, ಆ ಧೈರ್ಯ. ನನ್ನ ಕೆಲಸ ಇಷ್ಟೇ: ಯಾವ ರೈತರಿಗೆ ಎಷ್ಟು ಮೊಟ್ಟೆಯ ಹುಳ ಅಂತ ಒಂದು ಕಡೆ ತುಂಬೋದು, ಇನ್ನೊಂದು ಕಡೆ ಇಷ್ಟು ಕೆ.ಜಿ. ಸೊಪ್ಪು ಅಂತ ಬರೋದನ್ನ ಕೂಗಿ ಹೇಳೋದು. 'ಇದು ಹೆಂಗೆ ಬಂತು?' ಅಂತ ಮೈದನನ್ನ ಕೇಳಿದರೆ 'ಅತ್ತಿಗೆ, ನಡೀತಾ ಇದೆಯಲ್ಲ, ಮುಟ್ಟೋಕೆ ಹೋಗ್ಬೇಡಿ' ಅಂತಿದ್ದ. ಮುಟ್ಟಬೇಡ ಅಂದರೆ ನನಗೆ ಕೈ ತುರಿಸುತ್ತೆ, ಚಿಕ್ಕಂದಿನಿಂದ ಹಿಂಗೇ.

ಹುಳದ ಮನೆ ಅತ್ತೆಯ ರಾಜ್ಯ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆ ಹಾಕಿದ ಕೈಯಲ್ಲಿ ಟ್ರೇ ಮುಟ್ಟುವಂತಿಲ್ಲ. ಹೊರಗಿನವರು ಇಣುಕುವಂತಿಲ್ಲ. ಇದಕ್ಕೆಲ್ಲಾ ನನ್ನದೂ ಒಪ್ಪಿಗೆಯೇ. ಆದರೆ ಹುಳ ಸತ್ತರೆ ಸತ್ತಿದೆ ಅನ್ನುವಂತಿಲ್ಲ ಅನ್ನೋದೊಂದಿತ್ತಲ್ಲ, ಅದು ನನಗೆ ಹಿಡಿಸುತ್ತಿರಲಿಲ್ಲ. ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನದೆ ಬರ್ತೀನಿ ಅನ್ನೋದು, ಬಳೆ ಒಡೆದರೆ ಹೆಚ್ಚಾಯ್ತು ಅನ್ನೋದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಅತ್ತೆ ಅದಕ್ಕೂ ಒಂದು ಕೈ ಮೇಲೆ. ಸಾವಿಗೆ ಅವರು ಬೇರೆ ಮಾತನ್ನೂ ಹಾಕರು. ಕೋಳಿ ಪುಕ್ಕದಲ್ಲಿ ಅಂಥ ಹುಳವನ್ನ ಎತ್ತಿ ಸುಣ್ಣದ ಡಬ್ಬಿಗೆ ಹಾಕಿ, ಏನೂ ಆಗಿಲ್ಲ ಅನ್ನೋ ಹಂಗೆ ಮುಂದಿನ ಟ್ರೇಗೆ ಹೋಗ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, 'ಅಯ್ಯೋ ಅತ್ತೆ, ಈ ಟ್ರೇಲಿ ಎಷ್ಟೊಂದು ಸತ್ತಿವೆ' ಅಂದೆ. ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು.

'ಬಾಯಲ್ಲಿ ಒಳ್ಳೇ ಮಾತು ಬರಲ್ವೇನೇ? ಹೆಸರು ಹಿಡಿದು ಕರೆದ್ರೆ ಬಂದ್ಬುಡ್ತದೆ ಕಣಮ್ಮ ಅದು.'

ಆಮೇಲೆ ನಾನೂ ಬಾಯಿ ಮುಚ್ಚಿಕೊಂಡೆ. ಯಾರಿಗೆ ಬೇಕು ದಿನಾ ಜಗಳ.

ಈಗ ಎರಡು ವರ್ಷದ ಹಿಂದೆ ಹಂಚಿನ ಹಳೇ ಶೆಡ್ಡು ಬಿಟ್ಟು ಹೊಸ ಹುಳದ ಮನೆ ಕಟ್ಟಿದೆವು. ದಪ್ಪ ಗೋಡೆ, ತೇವದ ಗಾಳಿ ಬೀಸೋ ಕೂಲರು, ಬಾಗಿಲಿಗೇ ಸುಣ್ಣದ ತೊಟ್ಟಿ. ಹುಳ ಎಷ್ಟು ಚೆನ್ನಾಗಿ ಬಂದವು ಅಂತೀರಿ! ಟ್ರೇ ಮೇಲಿನ ಕಾಗದ ತೆಗೆದರೆ ಒಂದೇ ಸಮ ಹಾಸಿದ ಹಂಗೆ. ನಾವು ಹಿಗ್ಗಿದೆವು. ಹಿಗ್ಗಿದ್ದೇ ಬಂತು, ಅಲ್ಲಿಂದ ಶುರುವಾಯಿತು ಸೊಪ್ಪಿನ ಕಾಟ. ಶೀಟು ಹೇಳಿದಷ್ಟು ಕೊಯ್ದು ತಂದರೆ, ಎರಡನೇ ಜ್ವರಕ್ಕೆ ಕೂರುವ ಮುಂಚಿನ ಕೊನೇ ಮೇವಿಗೆ ಸಾಲದೇ ಹೋಗುತ್ತಿತ್ತು. ಹಸಿದ ಹುಳ ಕೂಗಲ್ಲ ಪಾಪ, ಟ್ರೇ ಅಂಚಿಗೆ ಬಂದು ತಲೆ ಎತ್ತಿ ಅತ್ತ ಇತ್ತ ಹುಡುಕುತ್ತವೆ.

'ಜಾಸ್ತಿ ಕೊಯ್ದು ಹಾಕಿ, ಅದಕ್ಕೇನಂತೆ' ಅಂತ ಎಲ್ಲರೂ ಹೇಳೋರೇ. ಚಾಕಿಗೆ ಬೇಕಾದ್ದು ಗಿಡದ ತುದಿಯ ಎಳೇ ಸೊಪ್ಪು ಮಾತ್ರ. ಇವತ್ತು ಅಂದಾಜಿಗೆ ಜಾಸ್ತಿ ಕಿತ್ತರೆ ಉಳಿದದ್ದು ಬಾಡುತ್ತೆ, ಮುಂದಿನ ಹುಳಕ್ಕೆ ತುದಿಯೇ ಇರಲ್ಲ. ಕಮ್ಮಿಯಾದರೆ ಹುಳ ಒಂದು ದಪ್ಪ, ಒಂದು ಸಣ್ಣ ಆಗ್ತವೆ. ಹಂಗಾದರೆ ಒಂದು ಜ್ವರಕ್ಕೆ ಕೂತಿರುತ್ತೆ, ಪಕ್ಕದ್ದು ಇನ್ನೂ ತಿನ್ನುತ್ತಿರುತ್ತೆ, ರೈತ ಯಾವಾಗ ಮೇವು ಹಾಕಬೇಕು, ಯಾವಾಗ ನಿಲ್ಲಿಸಬೇಕು? ಬೆಳೆ ಅಲ್ಲೇ ಕೆಡುತ್ತೆ.

ಕೆಟ್ಟಿದ್ದು ಐ.ಡಿ.ಹಳ್ಳಿಯ ಒಬ್ಬ ಹೆಣ್ಣುಮಗಳದ್ದು. ನನಗಿಂತ ಸ್ವಲ್ಪ ಚಿಕ್ಕವಳು. ಗಂಡನ ಮನೆ ಸರಿಬರದೆ ತವರಿಗೆ ವಾಪಸ್ ಬಂದವಳು. ಅಪ್ಪ ಅವಳ ಪಾಲಿಗೆ ಕೊಟ್ಟ ಹೊಲದಲ್ಲಿ ಅಣ್ಣಂದಿರು ಬೇಡ ಬೇಡ ಅಂದರೂ ಹಟ ಹಿಡಿದು ಹಿಪ್ಪುನೇರಳೆ ಹಾಕಿದ್ದಳು. ಅವರಿಗೆ ಆ ಜಾಗದಲ್ಲಿ ದಾಳಿಂಬೆ ಇಟ್ಟು ತಾವೇ ನೋಡಿಕೊಳ್ಳೋ ಆಸೆ. ಅವಳ ಮೊದಲನೇ ಬೆಳೆಗೆ ನಮ್ಮ ಹುಳ. ಒಯ್ದ ನಾಲ್ಕು ದಿನಕ್ಕೆ ಫೋನ್ ಮಾಡಿದಳು.

'ಅಕ್ಕಾ, ಹೇಳಕ್ಕೂ ಬೇಜಾರು. ಒಂದು ಇಷ್ಟುದ್ದ ಐತೆ, ಒಂದು ಇನ್ನೂ ಚಾಕಿ ಥರನೇ ಐತೆ. ನಾನೇನು ತಪ್ಪು ಮಾಡ್ಬುಟ್ಟೆ?'

'ನೀನೇನೂ ಮಾಡಿಲ್ಲ ಕಣಮ್ಮ. ತಪ್ಪು ಇಲ್ಲಿಂದಲೇ ಬಂದಿರೋದು' ಅಂದೆ.

'ಇನ್ನೊಂದು ಸರ್ತಿ ನೋಡ್ತೀನಿ ಅಂತ ಅಣ್ಣಂದಿರಿಗೆ ಹೇಳಿದೀನಕ್ಕಾ. ಇದೂ ಇಂಗೇ ಆದ್ರೆ ಗಿಡ ಕಿತ್ತಾಕ್ತಾರೆ. ಆಮೇಲೆ ಅದು ನನ್ ಹೊಲ ಅಂತ ನಾನು ಹೆಂಗೆ ಹೇಳ್ಕೊಳ್ಳಲಿ?'

ನನಗೆ ಸಿಟ್ಟು ಬಂದರೆ ಅಳು ಬರಲ್ಲ, ಕೆಲಸ ಬರುತ್ತೆ. ಫೋನ್ ಇಟ್ಟವಳೇ, ಅವಳ ಎರಡನೇ ಹುಳ ಈ ಬಾಗಿಲು ದಾಟೋದ್ರೊಳಗೆ ಆ ಶೀಟು ಏನು ಹೇಳುತ್ತೆ ಅಂತ ಒಂದೊಂದು ಅಕ್ಷರವೂ ನಾನು ಓದಬೇಕು, ಓದಿಯೇ ತೀರಬೇಕು ಅಂದುಕೊಂಡೆ. ಅತ್ತೆ ದೃಷ್ಟಿ ಆಗಿದೆ ಅಂತ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಯಜಮಾನರು ಬರಗೂರಿನ ಸ್ನೇಹಿತರ ತೋಟದಿಂದ ಎರಡು ಹೊರೆ ಸೊಪ್ಪು ಬೇಡಿ ತಂದರು. ಅವರವರ ದಾರಿ ಅವರವರಿಗೆ.

ಹುಳ ಜ್ವರಕ್ಕೆ ಕೂತರೆ ಮೇವಿಲ್ಲ, ನಮಗೂ ಬಿಡುವು. ಅಂಥದೊಂದು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತೆ. ಡಾಲರ್ ಸಿ ಡಾಲರ್ ನಾಲ್ಕು ಅಂದರೆ ಏನು ಅಂತ ಆ ಚೌಕಕ್ಕೆ ಹೋಗಿ ನೋಡು, ವಾಪಸ್ ಬಾ, ಅಷ್ಟರಲ್ಲಿ ಎಫ್ ಒಂಬತ್ತು ಏನಿತ್ತು ಅಂತ ಮರೆತಿರುತ್ತೆ. ತಲೆ ಕೆಟ್ಟು ಕೆರ ಹಿಡಿಯಿತು. ಅಲ್ಲ, ನಮ್ಮ ಹೊಲಗಳಿಗೂ ಸರ್ವೆ ನಂಬರ್ ಇದೆ. ಹಂಗಂತ ಯಾರಾದರೂ ಇಂಥ ಸರ್ವೆ ನಂಬರಿಗೆ ಹೋಗಿ ದನ ಹೊಡ್ಕೊಂಡು ಬಾ ಅಂತಾರೇನು? ಹುಣಸೆಮರದ ಹೊಲಕ್ಕೆ ಹೋಗು ಅಂತಾರೆ, ಕೇಳಿದವನಿಗೂ ತಿಳಿಯುತ್ತೆ, ದನಕ್ಕೂ ತಿಳಿಯುತ್ತೆ. ಈ ಚೌಕಗಳಿಗೂ ಹಂಗೆ ಒಂದೊಂದು ಹೆಸರಿಡೋಕಾಗಲ್ವಾ ಅಂತ ಹುಡುಕಿದೆ. ಆಗುತ್ತಂತೆ! ಎಡಗಡೆ ಮೇಲೆ ಚೌಕದ ನಂಬರ್ ತೋರಿಸೋ ಸಣ್ಣ ಡಬ್ಬಿ ಇದೆಯಲ್ಲ, ಅಲ್ಲಿ ನಂಬರ್ ಅಳಿಸಿ ಹೆಸರು ಬರೆದು ಎಂಟರ್ ಒತ್ತಿದರೆ ಮುಗೀತು. ಆಮೇಲೆ ಲೆಕ್ಕದೊಳಗೆ ಆ ಹೆಸರನ್ನೇ ಬರೆಯಬಹುದು. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಡಬ್ಬಿ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅಷ್ಟು ಸಲೀಸೂ ಇರಲಿಲ್ಲ ಅದು. ಹೆಸರಿನ ಮಧ್ಯೆ ಜಾಗ ಬಿಟ್ಟರೆ ಒಪ್ಪಲ್ಲ, ಅಡಿಗೆರೆ ಹಾಕಿ ಜೋಡಿಸಬೇಕು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾ ಹೋದೆ. ಮೊದಲನೇ ಮೇವಿನ ಸೊಪ್ಪಿಗೆ ಸೊಪ್ಪು ಅನ್ನೋದನ್ನ ಮೂರಕ್ಷರಕ್ಕೆ ಮೊಟಕು ಮಾಡಿ, ಪಕ್ಕಕ್ಕೆ ಒಂದು ಅಂತ ಹಾಕಿ ಒತ್ತಿದೆ. ಇದ್ದ ಶೀಟೆಲ್ಲಾ ಮಂಗಮಾಯ! ಎದುರಿಗೆ ಬರೀ ಖಾಲಿ ಚೌಕಗಳು. ಅಳಿಸಿ ಹಾಕಿಬಿಟ್ಟೆ, ಇನ್ನು ಮೈದ ಮನೆಗೆ ಬಂದರೆ ಏನು ಗತಿ ಅಂದುಕೊಂಡೆ. ಆಮೇಲೆ ನೋಡಿದರೆ ಆ ಮೂರಕ್ಷರ ಒಂದು ನಂಬರು ಬಲಗಡೆ ಎಲ್ಲೋ ದೂರದಲ್ಲಿರೋ ಇನ್ನೊಂದು ಚೌಕದ ವಿಳಾಸವಂತೆ, ಅದು ನನ್ನನ್ನ ನಿಯತ್ತಾಗಿ ಅಲ್ಲಿಗೇ ಕರೆದುಕೊಂಡು ಹೋಗಿತ್ತು. ಒಬ್ಬಳೇ ಕೂತು ನಕ್ಕೆ. ಮೊಟಕು ಮಾಡೋ ಚಾಳಿ ಅವತ್ತೇ ಬಿಟ್ಟೆ. ಬಾಯಲ್ಲಿ ಹೆಂಗೆ ಆಡ್ತೀವೋ ಹಂಗೇ ಪೂರ್ತಿ ಹೆಸರು: ಒಟ್ಟು ಮೊಟ್ಟೆ, ಹುಟ್ಟಿದ್ದು, ಸಾವಿರ ಹುಳಕ್ಕೆ ಸೊಪ್ಪು, ಕೊಯ್ಯೋ ಸೊಪ್ಪು.

ಹೆಸರಿಟ್ಟ ಮಾತ್ರಕ್ಕೆ ಹಳೇ ಡಾಲರ್‌ಗಳು ತಾವಾಗಿ ಓಡಿ ಹೋಗಲಿಲ್ಲ. ಒಂದೊಂದು ಲೆಕ್ಕಕ್ಕೂ ಹೋಗಿ, ಅಲ್ಲಿನ ನಂಬರ್ ಯಾವ ಚೌಕದ್ದು ಅಂತ ನೋಡಿ, ಅಳಿಸಿ, ಹೆಸರು ಬರೆಯಬೇಕು. ರಾಗಿಯಲ್ಲಿ ಕಲ್ಲು ಆರಿಸೋ ಕೆಲಸ. ಆದರೆ ಆರಿಸಿದ ಮೇಲೆ ನೋಡಬೇಕಿತ್ತು ಅದರ ಚೆಂದ! ಕೊಯ್ಯೋ ಸೊಪ್ಪು ಅಂದರೆ ಹುಟ್ಟಿದ್ದಕ್ಕೆ ಸಾವಿರ ಹುಳದ ಸೊಪ್ಪನ್ನ ಗುಣಿಸಿ ಸಾವಿರದಿಂದ ಭಾಗಿಸಿದ್ದು ಅಂತ ಗಟ್ಟಿಯಾಗಿ ಓದಿದೆ. ಓದುತ್ತಾ ಓದುತ್ತಾ ಕೊನೆಗೆ ಒಂದು ಕಡೆ ನಾಲಿಗೆ ತಡವರಿಸಿತು. ಎಲ್ಲಕ್ಕೂ ಹೆಸರಿದೆ, ತುದಿಯಲ್ಲಿ ಒಂದಕ್ಕೆ ಮಾತ್ರ ಇಲ್ಲ. 'ಇಂಟು ಪಾಯಿಂಟ್ ಒಂಬತ್ತು.' ಅದು ಯಾವ ಚೌಕದಿಂದಲೂ ಬಂದದ್ದಲ್ಲ, ಲೆಕ್ಕದ ಒಳಗೇ ಬರಿಗೈಯಲ್ಲಿ ಬರೆದದ್ದು. ಹುಟ್ಟಿದ್ದು ಅನ್ನೋ ಚೌಕದ ಲೆಕ್ಕ ತೆಗೆದು ನೋಡಿದರೆ ಅಲ್ಲೂ ಅದೇ ಪಾಯಿಂಟ್ ಒಂಬತ್ತು ಕೂತಿದೆ. ಹತ್ತರಲ್ಲಿ ಒಂದು ಪಾಲು ಕಳೆಯೋ ಈ ಅನಾಮಧೇಯ ಯಾರು, ಎರಡೆರಡು ಸಲ ಯಾಕೆ ಬಂದ ಅಂತ ಮೈದನಿಗೆ ಫೋನ್ ಹಚ್ಚಿದೆ.

'ಮುಟ್ಟಬೇಡಿ ಅಂದಿದ್ನಲ್ಲಾ ಅತ್ತಿಗೆ' ಅಂದ.

'ಮುಟ್ಟಿ ಆಯ್ತಪ್ಪಾ. ಈಗ ಹೇಳು, ಪಾಯಿಂಟ್ ಒಂಬತ್ತು ಏನು?'

'ಅದು... ಹೋಗೋ ಹುಳ. ಹತ್ತಕ್ಕೊಂದು ಹೋಗುತ್ತಲ್ಲ, ಹಳೇ ಶೆಡ್ಡಲ್ಲಿ. ಅದನ್ನ ಕಳೆದಿದೀನಿ.'

'ಅದಕ್ಕೊಂದು ಸಾಲು ಬರೆದು ಹೆಸರು ಹಾಕೋಕೆ ಏನಾಗಿತ್ತು?'

'ಅಮ್ಮ ಕನ್ನಡಕ ಹಾಕ್ಕೊಂಡು ಬಂದು ಒಂದೊಂದು ಸಾಲೂ ಓದ್ತಾಳೆ, ನಿಮಗೆ ಗೊತ್ತಿಲ್ವಾ? ಸಾಯೋವು ಅಂತ ಒಂದು ಸಾಲು ಕಂಡಿದ್ರೆ ಕಂಪ್ಯೂಟರ್‌ನ ಬಾವಿಗೆ ಎತ್ತಾಕ್ತಿದ್ಲು. ಅದಕ್ಕೇ ಕಾಣದ ಹಂಗೆ ಒಳಗೇ ಇಟ್ಟೆ.'

'ಎರಡು ಕಡೆ ಯಾಕಪ್ಪಾ ಇಟ್ಟೆ?'

'ಎರಡು ಕಡೆ ಐತಾ? ಅಯ್ಯೋ... ಒಂದು ಸಲ ಬದಲಾಯಿಸುವಾಗ, ಮುಂಚೆ ಹಾಕಿರೋದು ಕಾಣಲಿಲ್ಲ ಅಂತ ಕಾಣುತ್ತೆ.'

ಕಾಣೋದಾದರೂ ಹೆಂಗೆ? ಹೆಸರಿಲ್ಲ, ಮನೆಯಿಲ್ಲ, ಮುಖವಿಲ್ಲ. ಬಚ್ಚಿಟ್ಟವನಿಗೇ ಬಚ್ಚಿಟ್ಟ ಜಾಗ ಮರೆತಿತ್ತು. ಹಳೇ ಶೆಡ್ಡಿನಲ್ಲಿ ಹುಳ ಅವನ ಅಂದಾಜಿಗಿಂತ ಜಾಸ್ತಿಯೇ ಸಾಯುತ್ತಿದ್ದರಿಂದ ಎರಡು ಸಲ ಕಳೆದದ್ದು ಹೆಂಗೋ ಸರಿಹೋಗುತ್ತಿತ್ತು. ಹೊಸ ಮನೆಯಲ್ಲಿ ಹುಳ ಸಾಯೋದು ನಿಂತಿತು. ಶೀಟಿಗೆ ಅದು ಗೊತ್ತಿಲ್ಲ. ಅದರ ಪ್ರಕಾರ ಸತ್ತಿರಬೇಕಾದ ಹುಳಗಳೆಲ್ಲಾ ಬದುಕಿ, ಟ್ರೇ ಅಂಚಿನಲ್ಲಿ ತಲೆ ಎತ್ತಿ ತಮ್ಮ ಪಾಲಿನ ಸೊಪ್ಪು ಹುಡುಕುತ್ತಿದ್ದವು. ಇದು ತಲೆಗೆ ಹೊಳೆದ ಕ್ಷಣ ನನಗೆ ಅಳುವೇ ಬಂತು. ಬದುಕಿದ್ದಕ್ಕೆ ಉಪವಾಸ ಹಾಕಿದ್ದೆವಲ್ಲ ಅವನ್ನ!

ಎರಡೂ ಕಡೆಯ ಪಾಯಿಂಟ್ ಒಂಬತ್ತು ಕಿತ್ತು ಹಾಕಿದೆ. ಹುಟ್ಟಿದ್ದರ ಕೆಳಗೆ ಹೊಸದೊಂದು ಸಾಲು ಸೇರಿಸಿ, ಎಡಗಡೆ ಕನ್ನಡದಲ್ಲೇ ದಪ್ಪಗೆ 'ಸತ್ತದ್ದು' ಅಂತ ಬರೆದೆ. ಚೌಕಕ್ಕೂ ಅದೇ ಹೆಸರಿಟ್ಟೆ. ಅದರ ಕೆಳಗೆ 'ಬದುಕಿರೋದು'. ಬದುಕಿರೋದು ಅಂದರೆ ಹುಟ್ಟಿದ್ದರಲ್ಲಿ ಸತ್ತದ್ದು ಕಳೆದದ್ದು. ಸೊಪ್ಪು ಕೊಯ್ಯೋದು ಬದುಕಿರೋದಕ್ಕೆ. ಇಷ್ಟೇ. ಒಂದನೇ ಕ್ಲಾಸಿನ ಲೆಕ್ಕ.

ಮಾರನೇ ಬೆಳಗ್ಗೆ ಅತ್ತೆ ಕನ್ನಡಕ ಹಾಕಿಕೊಂಡು ಬಂದರು. ಮೇಲಿಂದ ಬೆರಳಿಟ್ಟು ಓದುತ್ತಾ ಬಂದವರು ಆ ಸಾಲಿಗೆ ಬಂದಾಗ ಬೆಂಕಿ ಮುಟ್ಟಿದವರ ಹಂಗೆ ಬೆರಳು ತೆಗೆದರು.

'ಥೂ! ಹುಳದ ಮನೆ ಪಕ್ಕದಲ್ಲಿ ಕೂತ್ಕೊಂಡು ಎಂಥ ಮಾತು ಬರ್ದಿದೀಯೇ? ಅಳಿಸು ಮೊದ್ಲು.'

'ಅಳಿಸಲ್ಲ ಅತ್ತೆ.'

ನಾನು ಹಂಗೆ ಎದುರು ಆಡಿದ್ದು ಅದೇ ಮೊದಲು. ಅವರಿಗೂ ಗಾಬರಿಯಾಯಿತು, ನನಗೂ ಆಯಿತು. ನಡೆದದ್ದನ್ನೆಲ್ಲಾ ಬಿಡಿಸಿ ಹೇಳಿದೆ. ಕೇಳಿದರು. ಸೊಪ್ಪು ಯಾಕೆ ಸಾಲಲಿಲ್ಲ ಅನ್ನೋದು ಅವರಿಗೆ ನನಗಿಂತ ಬೇಗ ಅರ್ಥವಾಯಿತು. ಆದರೂ ಆ ಮಾತು ಮಾತ್ರ ಬೇಡ.

'ಬೇರೆ ಏನಾದ್ರೂ ಇಡು. ಮಕ್ಕಳು ಉಳೀದಿದ್ರೆ ತಿಪ್ಪೆ ಮೇಲೆ ಉಳ್ಳಾಡ್ಸಿ ತಿಪ್ಪ ಅಂತ ಹೆಸರಿಡ್ತಿರ್ಲಿಲ್ವಾ ಹಿಂದಿನೋರು? ಅಂಗೆ ತಿಪ್ಪೆ ಅಂತ ಇಡು. ದೇವ್ರಿಗೂ ಗೊತ್ತಾಗಲ್ಲ.'

'ದೇವ್ರಿಗೆ ಗೊತ್ತಾಗದಿದ್ರೆ ಪರವಾಗಿಲ್ಲ ಅತ್ತೆ, ನಾಳೆ ಈ ಕುರ್ಚಿ ಮೇಲೆ ಕೂರೋರಿಗೆ ಗೊತ್ತಾಗಬೇಕಲ್ಲ? ತಿಪ್ಪೆ ಅಂದ್ರೆ ಗೊಬ್ಬರದ ಲೆಕ್ಕ ಅಂದ್ಕೊಳ್ತಾರೆ. ನಿಮ್ಮ ಮಗ ಬಚ್ಚಿಟ್ಟು ಏನಾಯ್ತು ನೋಡಿದ್ರಲ್ಲ.'

'ಅಂಗಾದ್ರೆ ಅದು ಇರೋ ತನಕ ನಾನು ಹುಳದ ಮನೆಗೆ ಕಾಲಿಡಲ್ಲ' ಅಂದರು. ಅಂದಿದ್ದೇ ತಡ, ಸೆರಗು ಬಿಗಿದು ಹೋಗಿ ಜಗಲಿ ಮೇಲೆ ಕೂತರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬಂತು ಅಂತ ಕುಣಿಯೋ ಹಂಗಿರಲಿಲ್ಲ. ಐ.ಡಿ.ಹಳ್ಳಿಯವಳ ಎರಡನೇ ಹುಳ ಅದೇ ವಾರ ಮೊಟ್ಟೆ ಒಡೆದು ಬಂದಿದ್ದವು. ಅತ್ತೆಯಿಲ್ಲದ ಹುಳದ ಮನೆಗೆ ನಾನೊಬ್ಬಳೇ. ಯಜಮಾನರು 'ಅಳಿಸ್ಬುಡೇ, ಅಮ್ಮನ ಸಮಾಧಾನಕ್ಕೆ. ಒಳಗೊಳಗೇ ಇಟ್ಕೋ' ಅಂದರು. ಆಗಲ್ಲ ಅಂದೆ. ಒಳಗೊಳಗೇ ಇಟ್ಟುಕೊಂಡು ಒಬ್ಬಳ ಹೊಲ ಹೋಗೋ ಹಂಗಾಗಿದೆ, ಇನ್ನು ಅಳಿಸಲ್ಲ, ನನ್ನನ್ನ ಮನೆಯಿಂದ ಆಚೆ ಹಾಕಿದರೂ ಅಳಿಸಲ್ಲ. ಅವರು ತೋಟದ ಕಡೆ ಹೋದರು. ಬುದ್ಧಿವಂತರು.

ಹೆಸರಿಟ್ಟ ಮೇಲೆ ಆ ಚೌಕಕ್ಕೆ ನಿಜವಾದ ಲೆಕ್ಕ ತುಂಬಬೇಕಲ್ಲ. ಅಷ್ಟು ವರ್ಷದಲ್ಲಿ ಸತ್ತ ಹುಳವನ್ನ ನಮ್ಮನೆಯಲ್ಲಿ ಒಬ್ಬರೂ ಎಣಿಸಿರಲಿಲ್ಲ. ಕೆಲವು ಟ್ರೇಗಳಲ್ಲಿ ಗೇಣಗಲ ಜಾಗ ಗುರುತು ಮಾಡಿ, ಕಸ ತೆಗೆಯುವಾಗ ಅಷ್ಟರಲ್ಲಿ ಬದುಕಿರೋದೆಷ್ಟು, ಸತ್ತದ್ದೆಷ್ಟು ಅಂತ ಎಣಿಸಿ, ಅದರ ಮೇಲೆ ಇಡೀ ಮನೆಯ ಅಂದಾಜು ಹಾಕಿದೆ. ಬಾಗಿಲ ಆಚೆ, ಸುಣ್ಣದ ತೊಟ್ಟಿಯ ಪಕ್ಕ ಅತ್ತೆ ಬಂದು ನಿಂತಿರುತ್ತಿದ್ದರು. ಒಳಗೆ ಬರೋರಲ್ಲ, ಹೋಗೋರೂ ಅಲ್ಲ. ನಾನು ಕೋಳಿ ಪುಕ್ಕ ಹಿಡಿದು ಎಣಿಸೋದನ್ನ ನೋಡೋರು. ಮಾತಿಲ್ಲ, ಕತೆಯಿಲ್ಲ. ಊಟಕ್ಕೆ ಬಡಿಸಿದರೆ ಸಾಕು ಬೇಕು ಅನ್ನೋದನ್ನೂ ಕೈಯಲ್ಲೇ ಹೇಳೋರು.

ಕೊನೇ ಮೇವಿನ ದಿನ ಬಂತು. ಹಿಂದಿನ ಸಲ ಕೈಕೊಟ್ಟಿದ್ದು ಇದೇ ಮೇವು. ಸೊಪ್ಪು ಕೊಯ್ಯೋಕೆ ಆಳುಗಳು ಕಾಯ್ತಿದ್ದರು. ಶೀಟು ತೆಗೆದು ಲೆಕ್ಕ ನೋಡುತ್ತಿದ್ದೆ. ಬೆನ್ನ ಹಿಂದೆ ಅತ್ತೆ ಬಂದದ್ದು ಬಳೆ ಸದ್ದಿಗೆ ಗೊತ್ತಾಯಿತು.

'ಓದು' ಅಂದರು. ಎಷ್ಟೋ ದಿನದ ಮೇಲೆ ಮೊದಲನೇ ಮಾತು.

'ಕೊಯ್ಯೋ ಸೊಪ್ಪು ಅಂದ್ರೆ, ಬದುಕಿರೋದಕ್ಕೆ ಸಾವಿರ ಹುಳದ ಸೊಪ್ಪು ಗುಣಿಸಿ, ಸಾವಿರದಿಂದ ಭಾಗಿಸಿದ್ದು.'

'ಬದುಕಿರೋದು ಹೆಂಗೆ ಬಂತು?'

'ಹುಟ್ಟಿದ್ದರಲ್ಲಿ ಸತ್ತದ್ದು ಕಳೆದು.'

ನನಗೆ ತಡೆಯಲಿಲ್ಲ, ತಿರುಗಿ ಕೇಳಿಯೇ ಬಿಟ್ಟೆ. 'ಸತ್ತದ್ದನ್ನ ಬರೀಬೇಡ ಅಂದ್ರೆ ಬದುಕಿರೋದನ್ನ ಹೆಂಗೆ ಬರೀಲಿ ಅತ್ತೆ? ನೀವೇ ಹೇಳಿ.'

ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಂದು ಸಲ ತಾವೇ ಓದಿದರು, ತುಟಿ ಅಲ್ಲಾಡಿತು ಅಷ್ಟೆ. ಆಮೇಲೆ 'ಆಳುಗಳು ಕಾಯ್ತಾವ್ರೆ, ಕೂಗಿ ಹೇಳು' ಅಂದು, ನಲ್ಲಿ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಹುಳದ ಮನೆಯೊಳಗೆ ಹೋದರು.

ಅವತ್ತು ಸೊಪ್ಪು ಸರಿಯಾಗಿ ಸಾಲಿತು. ಬುಟ್ಟಿಯ ತಳದಲ್ಲಿ ಒಂದು ಹಿಡಿ ಉಳಿಯಿತೇನೋ. ಹುಳ ಅಂಚಿಗೆ ಬರಲಿಲ್ಲ. ಎಲ್ಲಾ ಒಟ್ಟಿಗೆ ತಿಂದವು, ಒಟ್ಟಿಗೆ ಜ್ವರಕ್ಕೆ ಕೂತವು. ಅತ್ತೆ ಟ್ರೇಯಿಂದ ಟ್ರೇಗೆ ಹೋಗಿ ನೋಡಿ ಬಂದು 'ಒಂದೇ ಸಮ ಕೂತವೆ ಕಣಮ್ಮ' ಅಂದರು. ಯಜಮಾನರು ಬಿಸಿಲೇರುವ ಮುಂಚೆ ವ್ಯಾನಿಗೆ ತುಂಬಿಕೊಂಡು ಮಧುಗಿರಿ ದಾಟಿ ಐ.ಡಿ.ಹಳ್ಳಿಗೆ ಇಳಿಸಿ ಬಂದರು. ಮೈದ ಭಾನುವಾರ ಬಂದವನು ಶೀಟಿನ ಮುಂದೆ ಕೂತು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿಕೊಂಡು, 'ಇದು ನಾನು ಬರೆದದ್ದು ಅಂತ ಯಾರಿಗೂ ಹೇಳ್ಬೇಡಿ ಅತ್ತಿಗೆ, ನೀವೇ ಬರೆದದ್ದು ಅನ್ನಿ' ಅಂತ ನಕ್ಕ. ಮಾಡಿದ್ದುಣ್ಣೋ ಮಾರಾಯ ಅಂತ ನಾನೂ ನಕ್ಕೆ.

ಆಮೇಲೆ ಐ.ಡಿ.ಹಳ್ಳಿಯಿಂದ ಫೋನಿಲ್ಲ. ನಾನೂ ಮಾಡಲಿಲ್ಲ, ಭಯ. ದಿನಾ ಅವಳ ಹುಳ ಈಗ ಮೂರನೇ ಜ್ವರ ಎದ್ದಿರಬೇಕು, ಈಗ ನಾಲ್ಕನೇದು, ಈಗ ಹಣ್ಣಾಗಿ ಗೂಡು ಕಟ್ಟುತ್ತಿರಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದೇ ಹಾಕಿದ್ದು. ಕೊನೆಗೆ ಒಂದು ಬೆಳಗ್ಗೆ ಖಾಲಿ ಟ್ರೇಗಳನ್ನ ಆಟೋದಲ್ಲಿ ಹೇರಿಕೊಂಡು ಅವಳೇ ಬಂದಿಳಿದಳು. ಟ್ರೇ ತೊಳೆದು ಒಣಗಿಸಿ ತಂದಿದ್ದಳು. ಕೈಯಲ್ಲಿ ಒಂದು ಡಬ್ಬಿ ತಂಬಿಟ್ಟು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

'ಗೂಡು ಏನು ಗಟ್ಟಿ ಅಂತೀಯಕ್ಕಾ! ಹುಳ ಗೂಡು ಕಟ್ಟೋ ಚಂದ್ರಂಕಿ ತುಂಬಾ ಒಂದೇ ಅಳತೆ. ದಾಳಿಂಬೆ ಮಾತು ಯಾರೂ ಎತ್ತಲಿಲ್ಲ. ದೊಡ್ಡಣ್ಣನೇ ಬಂದು, ನಮ್ ಹೊಲಕ್ಕೂ ನೆಡಕ್ಕೆ ನಾಲ್ಕು ಹಿಪ್ಪುನೇರಳೆ ಕಡ್ಡಿ ಕೊಡ್ತೀಯೇನಮ್ಮಿ ಅಂದ. ಕೊಡೋಣ ನೋಡಣ ಅಂದೆ!'

ನನಗೆ ಅವಳನ್ನ ಎತ್ತಿ ಕುಣಿಸಬೇಕು ಅನ್ನಿಸಿತು. ಬಾಚಿ ತಬ್ಬಿಕೊಂಡೆ. ಯಜಮಾನರು ಟ್ರೇ ಇಳಿಸುತ್ತಿದ್ದರು. ಅತ್ತೆ ಅವಳನ್ನ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ತಂದುಕೊಟ್ಟರು. ಅವಳು ಲೋಟ ಹಿಡಿದು, ಹೆಂಗಸರು ಕೂತಾಗ ಆಡುವ ಮಾತೇ ಅದು, ಕೇಳಿದಳು.

'ನಿಮಗೆಷ್ಟು ಜನ ಮಕ್ಳಮ್ಮ?'

'ಹೆತ್ತದ್ದು ಮೂರು' ಅಂದರು ಅತ್ತೆ.

ಯಜಮಾನರು ಟ್ರೇ ಹಿಡಿದಂಗೇ ತಿರುಗಿ ನಿಂತರು. ಅವರು, ಅವರ ತಮ್ಮ, ಇಬ್ಬರೇ. ಈ ಮನೆಯಲ್ಲಿ ಮೂರನೇದೊಂದರ ಸುದ್ದಿಯನ್ನ ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ನಾನು ಬಂದಾಗಿನಿಂದ ಕೇಳಿರಲಿಲ್ಲ.

'ಇವನಿಗಿಂತ ಮುಂಚೆ ಒಂದು ಹೆಣ್ಣು ಕೂಸು' ಅಂದರು ಅತ್ತೆ, ಅವಳ ಕಡೆಗೇ ನೋಡುತ್ತಾ. 'ಹೆಸರಿಡಕ್ಕೆ ದಿನ ಗೊತ್ತು ಮಾಡಿದ್ವಿ. ಅಷ್ಟ್ರಲ್ಲಿ ಸತ್ತೋಯ್ತು. ಇನ್ನಿಬ್ರು ಅವ್ರೆ.'

ಆ ಮಾತು ಅವರ ಬಾಯಲ್ಲಿ ಬಂದದ್ದನ್ನ ನಾನು ಅವತ್ತೇ ಕೇಳಿದ್ದು. ಯಜಮಾನರು ಟ್ರೇ ಕೆಳಗಿಟ್ಟು ಬಂದು ಜಗಲಿ ಕೆಳಗೆ ನಿಂತರು.

'ನಂಗೊಬ್ಳು ಅಕ್ಕ ಇದ್ಲಾ ಅಮ್ಮಾ?'

'ಇದ್ಲು ಕಣ್ಲಾ.'

'ಏನು ಹೆಸರಿಡ್ಬೇಕು ಅಂತಿದ್ದೆ?'

ಅತ್ತೆ ಹೇಳಿದರು. ಯಜಮಾನರು ಆ ಹೆಸರನ್ನ ಒಂದು ಸಲ ಮೆಲ್ಲಗೆ ಅಂದುಕೊಂಡರು. ಆಮೇಲೆ ಇನ್ನೊಂದು ಸಲ ಗಟ್ಟಿಯಾಗಿ ಅಂದರು, ಕೊನೆಗೆ ಅಕ್ಕ ಅಂತ ಸೇರಿಸಿ.